ನರಳುವುದೂ ಗೊಣಗುವುದೂ ಒಂದೇ ಅಲ್ಲ
(ಋಷಿಕೊಂಡದಲ್ಲಿ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಈ ಋಷಿಕೊಂಡಕ್ಕೆ ಬಂದವರು ಕಡಲ ಸದ್ದು ಕೇಳಿ ಹೋಗುತ್ತಾರೆ. ಹೋಟೆಲಿನ ಅಡಿಗೆಮನೆಯ ಹಿಂದಿನ ಸದ್ದು ಕೇಳುವವರು ನಾವು. ರಾತ್ರಿ ಪಾತ್ರೆ ತೊಳೆದು ಮಲಗಿದ ಮೇಲೆ ಯಾರೋ ಒಬ್ಬರು 'ಅಮ್ಮಾ' ಎನ್ನುತ್ತಾರೆ. ಕನ್ನಡಿಗನೋ ತೆಲುಗಿನವನೋ ತಿಳಿಯದು. ನಮ್ಮ ಗೊಣಗು ಅವರ ಗೊಣುಗು. ನಮ್ಮ ಮುಲುಗು ಅವರ ಮೂಲುಗು. ನೋವಿನಲ್ಲಿ ನಾವು ನೆಂಟರು.

ತೊಡಕು ಬರುವುದು ಇಂಗ್ಲಿಷಿನ ಮುಂದೆ. ನಮ್ಮಲ್ಲೊಬ್ಬರು ಅನ್ನದ ಹಂಡೆ ಎತ್ತಿ ಎತ್ತಿ ಸೊಂಟ ಕೆಡಿಸಿಕೊಂಡರು. ಕನ್ನಡವೂ ತೆಲುಗೂ ಬಾರದ ಡಾಕ್ಟರು ಎಂಥ ನೋವೆಂದು ಇಂಗ್ಲಿಷಿನಲ್ಲಿ ಕೇಳಿದರು. ಇವರು 'ಪೇನ್ ಸಾರ್, ಪೇನ್' ಎಂದರು. ಮಾತ್ರೆ ಸಿಕ್ಕಿತು, ನೋವು ಹೋಗಲಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಛಳಕ್ಕೆಂದು ಓಡುತ್ತಿದ್ದ ಆ ನೋವಿಗೆ 'ಶೂಟಿಂಗ್ ಪೇನ್' ಎನ್ನುತ್ತಾರೆ. ಶೂಟಿಂಗ್ ಎಂದರೆ ಸಿನಿಮಾ ಒಂದೇ ಅಲ್ಲ!

ಉರಿಯುವುದು 'ಬರ್ನಿಂಗ್', ಚುಚ್ಚುವುದು 'ಪ್ರಿಕಿಂಗ್', ನಾಡಿಯಂತೆ ಮಿಡಿಯುವುದು 'ಥ್ರಾಬಿಂಗ್'. ಇವು ಬರಿಯ ಅಲಂಕಾರದ ಮಾತುಗಳಲ್ಲ. ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಎಂಬ ವಿದ್ವಾಂಸರು ನೋವಿನ 78 ಮಾತುಗಳನ್ನು 20 ಗುಂಪುಗಳಾಗಿ ವಿಂಗಡಿಸಿ 1975ರಲ್ಲಿ ಪ್ರಕಟಿಸಿದರು. ರೋಗಿ ಆರಿಸಿದ ಮಾತಿನಿಂದ ನೋವಿನ ಬಗೆ ತಿಳಿಯಲು ವೈದ್ಯರಿಗೆ ಅದು ನೆರವಾಯಿತು.

ಇನ್ನು ಸದ್ದುಗಳು. ಭಾರ ಎತ್ತುವಾಗ ಎದೆಯಾಳದಿಂದ ಬರುವುದು 'ಗ್ರೋನ್'. ಜ್ವರದಲ್ಲಿ ಎಳೆದೆಳೆದು ನರಳುವುದು 'ಮೋನ್'. ಮಗು ಸಣ್ಣ ದನಿಯಲ್ಲಿ ಬಿಕ್ಕುವುದು 'ವಿಂಪರ್'. ರಾಗ ಎಳೆದು ಹಲುಬುವುದು 'ವೈನ್'. ಗಂಟಲಲ್ಲೇ ಗೊಣಗುವುದು 'ಗ್ರಂಬಲ್'. ಸುಮ್ಮನೆ ದೂರುವವನಿಗೆ ಇಂಗ್ಲಿಷಿನವರು 'ಬೆಲಿಏಕಿಂಗ್', ಅಂದರೆ ಹೊಟ್ಟೆನೋವು, ಎಂದು ಹೆಸರಿಟ್ಟಿದ್ದಾರೆ. ನಮಗೋ ಹೊಟ್ಟೆಯುರಿ ಎಂದರೆ ಮತ್ಸರ! ಮಾತಿಗೆ ಮಾತು ಇಟ್ಟು ಹೇಳಹೊರಟರೆ ಡಾಕ್ಟರಿಗೂ ಕಷ್ಟ, ನಮಗೂ ಕಷ್ಟ.

ಇದರಲ್ಲಿ ನಮ್ಮ ಅನ್ನದ ಪ್ರಶ್ನೆಯೂ ಇದೆ. 'ಕಂಪ್ಲೇಂಟ್' ಎಂಬ ಒಂದೇ ಮಾತು ಡಾಕ್ಟರ ಚೀಟಿಯಲ್ಲಿ ಕಾಯಿಲೆ, ಮ್ಯಾನೇಜರ ಮೇಜಿನ ಮೇಲೆ ದೂರು. ನೋವು ಹೇಳಿಕೊಂಡವನನ್ನು 'ಗ್ರಂಬಲ್ ಮಾಡುತ್ತಾನೆ' ಎಂದು ಬಿಟ್ಟರೆ ಅವನ ಕಾಯಿಲೆಯೂ ಮುಚ್ಚಿಹೋಯಿತು, ದೂರೂ ಮುಚ್ಚಿಹೋಯಿತು. ನ್ಯಾಯವಾದ ದೂರಿಗೆ ಬೇರೆ ಹೆಸರಿದೆ: 'ಗ್ರೀವೆನ್ಸ್', ಕುಂದುಕೊರತೆ. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಅದನ್ನು ಕೇಳುವ ಸಮಿತಿ ಇರಬೇಕೆಂದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ.

ಆದುದರಿಂದ ಬಂಧುಗಳೇ, ರಾತ್ರಿ 'ಅಮ್ಮಾ' ಎನ್ನಲು ನಾಚಬೇಕಿಲ್ಲ. ಆದರೆ ಬೆಳಗಾದ ಮೇಲೆ ಎಲ್ಲಿ ನೋವು, ಎಂದಿನಿಂದ, ಯಾವ ಕೆಲಸದಿಂದ, ಎಂಥದು ಎಂಬ ನಾಲ್ಕು ಮಾತು ಬಿಡಿಸಿ ಹೇಳೋಣ. ಇಂಗ್ಲಿಷ್ ಬಾರದಿದ್ದರೆ ಬಲ್ಲ ಗೆಳೆಯನೊಬ್ಬನನ್ನು ಜೊತೆಗೆ ಕರೆದೊಯ್ಯೋಣ. ಹಂಡೆಗೆ ಎರಡು ಹಿಡಿಗಳಿವೆ. ಅದನ್ನು ಒಬ್ಬನೇ ಎತ್ತಬೇಕೆಂದು ಯಾರೂ ಬರೆದಿಟ್ಟಿಲ್ಲ.