ಒಲೆಯ ಹೊಗೆ ಮತ್ತು ನಮ್ಮ ಸಾಲದ ಪುಸ್ತಕ

(ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳು)



ಇವತ್ತು ನನಗೆ ಕೊಟ್ಟ ವಿಷಯ ‘ಇಂಧನ ಬಡತನ ಮತ್ತು ಆರೋಗ್ಯ’. ಹೆಸರು ದೊಡ್ಡದು, ವಿಷಯ ನಮ್ಮ ಅಡುಗೆಮನೆಯದ್ದೇ. ಅಡುಗೆಗೆ ಹೊಗೆಯಿಲ್ಲದ ಉರಿ, ಬೆಳಕಿಗೆ ಕರೆಂಟು, ಇವು ಕೈಗೆಟುಕದೆ ಇರುವುದೇ ಇಂಧನ ಬಡತನ.

ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾದರೆ ನಾವು ಸೆರಗಿನಲ್ಲಿ ಒರೆಸಿಕೊಂಡು ಸುಮ್ಮನಾಗ್ತೇವೆ. ಕೆಮ್ಮು ಬಂದರೆ ಶೀತ ಅಂತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಕೇಳಿ: ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು. ಸೌದೆ, ಬೆರಣಿ, ಸೀಮೆಎಣ್ಣೆಯ ಹೊಗೆಯ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಕ್ಕಳಿಗೆ ನ್ಯುಮೋನಿಯಾ, ನಮಗೆ ದಮ್ಮು, ಹೃದಯದ ಕಾಯಿಲೆ, ಪಾರ್ಶ್ವವಾಯು, ಕಣ್ಣಿನ ಪೊರೆ. ಬೀಡಿ ಮುಟ್ಟದ ಅಜ್ಜಿಗೂ ಬೀಡಿ ಸೇದುವವರ ದಮ್ಮು ಬರುವುದು ಹೀಗೆ.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾದ ಬೆಟ್ಟದ ಹಳ್ಳಿಗಳಲ್ಲೂ ಹೆಂಗಸರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಸೌದೆ ಬೆಂಕಿಯ ಮುಂದೆ ಮೆಕ್ಕೆಜೋಳದ ರೊಟ್ಟಿ ಬೇಯಿಸ್ತಾರೆ. 2002ರಿಂದ 2004ರವರೆಗೆ ಕರ್ಕ್ ಸ್ಮಿತ್ ಎಂಬ ವಿಜ್ಞಾನಿಯ ತಂಡ ಅಲ್ಲಿ ಐನೂರಕ್ಕೂ ಹೆಚ್ಚು ಮನೆಗಳನ್ನು ಆರಿಸಿ, ಅರ್ಧದಷ್ಟು ಮನೆಗಳಿಗೆ ಚಿಮಣಿ ಇರುವ ಒಲೆ ಕಟ್ಟಿಸಿಕೊಟ್ಟಿತು. ಆ ಮನೆಗಳ ಕೂಸುಗಳಿಗೆ ತಾಗುವ ಹೊಗೆ ಅರ್ಧಕ್ಕೆ ಇಳಿಯಿತು. ತೀವ್ರ ನ್ಯುಮೋನಿಯಾ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಆದರೆ ಒಟ್ಟು ನ್ಯುಮೋನಿಯಾ ನೆನೆಸಿದಷ್ಟು ಇಳಿಯಲಿಲ್ಲ. ಅರ್ಧ ಹೊಗೆ ಹೋದರೆ ಸಾಲದು ಅಂತಾಯ್ತು.

ಕರೆಂಟಿನದ್ದೂ ಇದೇ ಪಾಡು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳಲ್ಲಿ ಕೈಕೊಡದ ಕರೆಂಟು ಇರುವುದು ಅರ್ಧದಷ್ಟು ಆಸ್ಪತ್ರೆಗಳಿಗೆ ಮಾತ್ರ ಎಂದು 2023ರಲ್ಲಿ ಅದೇ ಸಂಸ್ಥೆ ತಿಳಿಸಿತು. ಕರೆಂಟಿಲ್ಲದ ಕಡೆ ರಾತ್ರಿ ಹೆರಿಗೆ ಹೇಗೆ ಮಾಡಿಸ್ತಾರೆ, ಲಸಿಕೆ ಎಲ್ಲಿ ತಣ್ಣಗೆ ಇಡ್ತಾರೆ, ನೀವೇ ಯೋಚಿಸಿ.

ನಮ್ಮಲ್ಲಿ 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಗ್ಯಾಸ್ ಬಂತು. ಒಳ್ಳೆಯದೇ ಆಯಿತು. ಆದರೆ ಚಹಾಕ್ಕೆ ಗ್ಯಾಸು, ಅನ್ನಕ್ಕೆ ಸೌದೆ! ಸಿಲಿಂಡರ್ ಖಾಲಿಯಾದರೆ ಅದಕ್ಕೊಂದು ಬಟ್ಟೆ ಹೊದಿಸಿ ಮೂಲೆಗೆ. ಬಚ್ಚಲ ಹಂಡೆಯ ಒಲೆಗೆ ಪ್ಲಾಸ್ಟಿಕ್ ಹಾಕಿ ಬೆಂಕಿ ಹಚ್ಚುವವರೂ ಇದ್ದಾರೆ. (ನಗಬೇಡಿ, ಅದರ ಹೊಗೆ ಸೌದೆಯದ್ದಕ್ಕಿಂತ ಕೆಟ್ಟದ್ದು. ಇವತ್ತೇ ನಿಲ್ಲಿಸಿ.)

ಈಗ ನಮ್ಮ ಸಂಘದ ಸಾಲದ ಪುಸ್ತಕ ತೆರೆಯಿರಿ. ಹಸುವಿಗೆ ಸಾಲ ಇದೆ, ಹೊಲಿಗೆ ಮೆಷಿನ್ನಿಗೆ ಇದೆ, ಮದುವೆಗೂ ಇದೆ. ಒಲೆಗೆ, ಸಿಲಿಂಡರಿಗೆ ಕೇಳಿದರೆ ‘ಅದರಿಂದ ಆದಾಯ ಏನು ಬರ್ತದೆ?’ ಅಂತೇವೆ. ಮಗು ಉಬ್ಬಸದಿಂದ ಆಸ್ಪತ್ರೆಗೆ ಸೇರಿದಾಗ ಅದೇ ಸಂಘ ತುರ್ತು ಸಾಲ ಕೊಡ್ತದೆ. ಮನೆ ಗಂಡಸರು ಅಡುಗೆಮನೆಗೆ ದುಡ್ಡು ಬಿಚ್ಚುವುದಿಲ್ಲ ಅಂತ ದೂರುತ್ತೇವೆ, ಸರಿ. ಆದರೆ ಈ ಪುಸ್ತಕ ಬರೆದವರು ನಾವೇ ಅಲ್ವಾ?

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಬರೆದಾದ ಮೇಲೆ ಇನ್ನೊಂದು ಲೆಕ್ಕವನ್ನೂ ಬರೆಯಿರಿ. ಪ್ರತಿ ಸದಸ್ಯೆಯ ಮನೆಗೆ ಕಳೆದ ವರ್ಷ ಎಷ್ಟು ಸಿಲಿಂಡರ್ ಬಂತು? ತರಿಸದೆ ಬಿಟ್ಟದ್ದು ಹಣವಿಲ್ಲದೆಯೋ, ಬೇರೆ ಕಾರಣಕ್ಕೋ? ಗ್ಯಾಸ್ ಇಲ್ಲದ ಮನೆಯ ಒಲೆಗೆ ಹೊಗೆ ಕೊಳವೆ ಇದೆಯೋ, ಇದ್ದರೆ ಅದರ ಮಸಿ ತೆಗೆದು ಎಷ್ಟು ತಿಂಗಳಾಯಿತು? ಆ ಹಾಳೆ ಹಿಡಿದುಕೊಂಡು ಮಹಾಸಂಘದ ಸಭೆಗೆ ಬನ್ನಿ, ಒಲೆಯ ಸಾಲದ ಮಾತು ಅಲ್ಲಿ ಎತ್ತೋಣ.