ಸೊಂಟದ ನೋವು ಕಾಲಿಗೆ ಇಳಿದಾಗ



ನಮ್ಮ ಫಿಜಿಯೋಥೆರಪಿ ವಿಭಾಗಕ್ಕೆ ಬರುವ ಅನೇಕರು ತಮ್ಮ ಕಾಲನ್ನು ತೋರಿಸುತ್ತಾರೆ. "ಪಿರ್ರಿಯಿಂದ ಹಿಮ್ಮಡಿ ತನಕ ಎಳೀತದ್ರೀ, ಎಷ್ಟು ಎಣ್ಣಿ ತಿಕ್ಕಿದ್ರೂ ಕಡಿಮಿ ಆಗವಲ್ದು" ಎನ್ನುತ್ತಾರೆ. ನಾವು ಬೆನ್ನನ್ನು ಪರೀಕ್ಷಿಸಲು ಹೊರಟರೆ "ನೋವಿರೋದು ಕಾಲಾಗ್ರೀ" ಎಂದು ಆಶ್ಚರ್ಯಪಡುತ್ತಾರೆ.

ಸೊಂಟದ ಕೆಳಭಾಗದಲ್ಲಿ ಬೆನ್ನೆಲುಬಿನಿಂದ ಹೊರಡುವ ನರಗಳು ಕೂಡಿ ಸಯಾಟಿಕ್ ನರವಾಗುತ್ತದೆ. ಶರೀರದಲ್ಲೇ ಅತ್ಯಂತ ದಪ್ಪನಾದ ಈ ನರ ತೊಡೆಯ ಹಿಂಭಾಗದಲ್ಲಿ ಇಳಿದು, ಕವಲೊಡೆದು ಪಾದವನ್ನು ಮುಟ್ಟುತ್ತದೆ. ಬೆನ್ನಿನ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಹೊರಗೆ ಚಾಚಿ ನರದ ಬೇರನ್ನು ಕೆರಳಿಸಿದಾಗ, ನೋವು ನರದ ದಾರಿಯುದ್ದಕ್ಕೂ ಹರಿಯುತ್ತದೆ. ಇದೇ ಸಯಾಟಿಕಾ. ಆಯುರ್ವೇದದಲ್ಲಿ ಇಂಥ ನೋವಿಗೆ ಗೃಧ್ರಸಿ ಎನ್ನುತ್ತಾರೆ. ಹಾಗೆಂದು ಎಲ್ಲ ಕಾಲುನೋವೂ ಬೆನ್ನಿನದಲ್ಲ. ನೋವು ತೊಡೆಸಂದಿಯಲ್ಲಿದ್ದು, ಪಂಕ್ತಿಯಲ್ಲಿ ಊಟಕ್ಕೆ ಕಾಲು ಮಡಚಿ ಕೂರಲು ಕಷ್ಟವಾಗುತ್ತಿದ್ದರೆ ಚಪ್ಪೆಯ ಕೀಲನ್ನೇ ಮೊದಲು ನೋಡಬೇಕಾಗುತ್ತದೆ.

ನೋವು ಬಂದೊಡನೆ ಮನೆಯವರು "ಹದಿನೈದು ದಿನ ಏಳಬ್ಯಾಡ, ಮಲಗಿಬಿಡು" ಎನ್ನುತ್ತಾರೆ. ಹಿಂದೆ ವೈದ್ಯರೂ ಹೀಗೇ ಹೇಳುತ್ತಿದ್ದರು. ನೆದರ್‌ಲ್ಯಾಂಡ್ಸ್ ದೇಶದ ವೈದ್ಯರು 183 ಮಂದಿ ಸಯಾಟಿಕಾ ರೋಗಿಗಳಲ್ಲಿ ಕೆಲವರನ್ನು ಎರಡು ವಾರ ಮಲಗಿಸಿ, ಉಳಿದವರನ್ನು ಆದಷ್ಟು ಓಡಾಡಿಕೊಂಡಿರಲು ಬಿಟ್ಟು ನೋಡಿದರು. 12 ವಾರಗಳ ನಂತರ ಎರಡೂ ಗುಂಪುಗಳಲ್ಲಿ ಶೇ. 87ರಷ್ಟು ಜನ ಸುಧಾರಿಸಿದ್ದರು. 1999ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಮಲಗಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದ್ದರಿಂದ ಸಹಿಸಲಾಗದ ನೋವಿದ್ದಾಗ ಒಂದೆರಡು ದಿನ ಮಲಗಿರಿ, ತಪ್ಪಿಲ್ಲ. ನಂತರ ಮನೆಯೊಳಗೇ ಆಗಲಿ, ಸ್ವಲ್ಪ ಸ್ವಲ್ಪ ನಡೆಯಿರಿ. ಕೂಲಿ ಬಿಟ್ಟು ತಿಂಗಳುಗಟ್ಟಲೆ ಮಲಗಿದವರಿಗೆ ಕಾಲಿನ ಶಕ್ತಿಯೂ ಹೋಗುತ್ತದೆ, ಮನೆಯ ಗಳಿಕೆಯೂ ಹೋಗುತ್ತದೆ.

ಇನ್ನು ವ್ಯಾಯಾಮದ ವಿಷಯ. ಪಕ್ಕದ ಮನೆಯವರಿಗೆ ಹೇಳಿಕೊಟ್ಟ ವ್ಯಾಯಾಮವನ್ನು ನೀವು ಮಾಡಬೇಡಿ. ಡಿಸ್ಕ್ ತೊಂದರೆಯವರಲ್ಲಿ ಅನೇಕರಿಗೆ ಬೋರಲು ಮಲಗಿ, ಮೊಣಕೈ ಊರಿ, ಎದೆಯನ್ನು ನಿಧಾನವಾಗಿ ಎತ್ತುವುದರಿಂದ ಹಿತವಾಗುತ್ತದೆ. ಆದರೆ ವಯಸ್ಸಾದವರಲ್ಲಿ ನರಗಳು ಹಾಯುವ ದಾರಿಯೇ ಕಿರಿದಾಗಿರಬಹುದು. ಅವರಿಗೆ ಸ್ವಲ್ಪ ದೂರ ನಡೆದರೆ ಕಾಲು ಜೋಮು ಹಿಡಿಯುತ್ತದೆ, ಕುಳಿತರೆ ಅಥವಾ ಮುಂದೆ ಬಾಗಿದರೆ ಹಗುರವಾಗುತ್ತದೆ. ಇವರು ಬೆನ್ನನ್ನು ಹಿಂದಕ್ಕೆ ಬಗ್ಗಿಸಿದರೆ ನೋವು ಹೆಚ್ಚುವುದೇ ಜಾಸ್ತಿ. ಇವರಿಗೆ ಮಲಗಿ ಮೊಣಕಾಲನ್ನು ಎದೆಯತ್ತ ಎಳೆದುಕೊಳ್ಳುವ ವ್ಯಾಯಾಮ ಒಗ್ಗುತ್ತದೆ.

ಯಾವುದು ನಿಮಗೆ ಸರಿ ಎಂಬುದಕ್ಕೆ ಒಂದು ಗುರುತು ನೆನಪಿಡಿ. ವ್ಯಾಯಾಮ ಮಾಡುವಾಗ ಮೀನಖಂಡದ ನೋವು ತೊಡೆಗೆ, ತೊಡೆಯ ನೋವು ಸೊಂಟಕ್ಕೆ ಹಿಂದೆ ಸರಿಯುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಸೊಂಟದಲ್ಲಿ ನೋವು ಸ್ವಲ್ಪ ಹೆಚ್ಚಾದಂತೆ ಅನಿಸಿದರೂ ಹೆದರಬೇಡಿ. ನೋವು ಪಾದದ ಕಡೆಗೆ ಇಳಿಯುತ್ತಿದ್ದರೆ ಆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ, ಮರುದಿನ ಬಂದು ತಿಳಿಸಿ.

ಕಳೆ ತೆಗೆಯುವ ತಾಯಂದಿರು ಗಂಟೆಗಟ್ಟಲೆ ಬಾಗಿಯೇ ಇರಬಾರದು, ಒಂದು ಸಾಲು ಮುಗಿದೊಡನೆ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ಹಾಕಬೇಕು. ನೀರಿನ ಕೊಡವನ್ನು ಮೊಣಕಾಲು ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿರಿ. ಬಿಸಿನೀರಿನ ಶಾಖ ಹಿತವೇ, ಆದರೆ ಜೋಮು ಹಿಡಿದ ಕಾಲಿಗೆ ಸುಟ್ಟರೂ ತಿಳಿಯುವುದಿಲ್ಲ, ಎಚ್ಚರ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಳ್ಳುವುದು, ಬರೆ ಹಾಕಿಸಿಕೊಳ್ಳುವುದು ಇನ್ನೂ ನಡೆದಿದೆ. ದಯವಿಟ್ಟು ಬೇಡ.

ಕೆಲವು ಲಕ್ಷಣಗಳಿಗೆ ವ್ಯಾಯಾಮ ಮದ್ದಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಕ್ಷಯರೋಗ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ. ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಬೀಳುತ್ತಿದ್ದರೆ, ಮೂತ್ರ ಕಟ್ಟಿದರೆ, ಅರಿವಿಲ್ಲದೆ ಮಲಮೂತ್ರ ಹೋದರೆ, ಗುಪ್ತಾಂಗದ ಸುತ್ತ ಸ್ಪರ್ಶ ತಿಳಿಯದಿದ್ದರೆ ನರಗಳ ಮೇಲೆ ಭಾರೀ ಒತ್ತಡ ಬಿದ್ದಿರಬಹುದು, ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇದನ್ನು ಹೇಳಲು ತಾಯಂದಿರು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಬೆಳಗಾಗಲಿ ಎಂದು ಕಾಯದೆ, ರಾತ್ರಿಯಾಗಿದ್ದರೂ ಅದೇ ಕ್ಷಣ ಆಸ್ಪತ್ರೆಗೆ ಹೊರಡಿ.