ಸೀಟು ತಪ್ಪಿದ ಮೇಲಿನ ದಾರಿ

ಕಾಲೇಜು ಪ್ರವೇಶ ನಿರಾಕರಣೆಯ ವಿರುದ್ಧದ ಮೇಲ್ಮನವಿ ಎಂದರೆ, ಸೀಟು ಕೊಡದ ತೀರ್ಮಾನವನ್ನು ಮತ್ತೊಮ್ಮೆ ಪರಿಶೀಲಿಸಿ ಎಂದು ಅಭ್ಯರ್ಥಿ ಹಕ್ಕಿನಿಂದ ಕೇಳುವುದು. ಅದಕ್ಕೆ ಮೂರು ಮೆಟ್ಟಿಲುಗಳಿವೆ: ಪ್ರವೇಶ ಪ್ರಾಧಿಕಾರಕ್ಕೆ ಆಕ್ಷೇಪಣೆ, ಕುಂದುಕೊರತೆ ಸಮಿತಿಗೆ ದೂರು, ಹೈಕೋರ್ಟಿಗೆ ರಿಟ್ ಅರ್ಜಿ. ಇದು ಸೀಟಿಗಾಗಿ ಕಾಯುವುದಕ್ಕಿಂತ ಬೇರೆ: ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಪ್ರವೇಶದಲ್ಲಿ ಪ್ರತ್ಯೇಕ ಕಾಯುವ ಪಟ್ಟಿ ಇಲ್ಲ. ಸಿಕ್ಕ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಸೀಟಿಗೆ ಕಾಯುವ ‘ಚಾಯ್ಸ್ 2’ ಆ ಕೆಲಸ ಮಾಡುತ್ತದೆ.

ಮೀಸಲಾತಿಯ ಅಧ್ಯಯನ ಶೇಕಡಾವಾರು ಲೆಕ್ಕದಲ್ಲಿ ಮುಳುಗಿ, ಸೀಟು ತಪ್ಪಿದ ವಿದ್ಯಾರ್ಥಿಯನ್ನು ಬದಿಗೆ ಸರಿಸಿತು. ಅದು ದಾರಿ ತಪ್ಪಿದ್ದು ಇಲ್ಲಿಯೇ. ಎಂ.ಆರ್. ಬಾಲಾಜಿ ಪ್ರಕರಣವನ್ನೇ ನೋಡಬಹುದು. 1962ರ ಜುಲೈ 31ರಂದು ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 68ರಷ್ಟು ಸೀಟು ಮೀಸಲಿಟ್ಟಿತು. ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಪಠ್ಯಪುಸ್ತಕಗಳು ಆ ತೀರ್ಪು ಹಾಕಿದ ಶೇ 50ರ ಮಿತಿಯನ್ನು ನೆನಪಿಟ್ಟುಕೊಂಡವು. ಅದು ಸೀಟು ಸಿಗದವರು ಹೂಡಿದ ದಾವೆ, ಎರಡೇ ತಿಂಗಳಲ್ಲಿ ತೀರ್ಮಾನವಾಯಿತು ಎಂಬುದನ್ನು ಮರೆತವು. ಸಂದರ್ಶನದ ಅಂಕಗಳನ್ನು ಪ್ರಶ್ನಿಸಿದ 1964ರ ಚಿತ್ರಲೇಖಾ ಪ್ರಕರಣವೂ ಇದೇ ಮೈಸೂರು ರಾಜ್ಯದ್ದು. ಮುಂದಿನ ತೀರ್ಪುಗಳ ಸಾಲನ್ನು ಸುರಪುರದ ಈ ಸಂಕಿರಣದಲ್ಲಿರುವ ಕಾನೂನು ಅಧ್ಯಾಪಕರು ಬಲ್ಲರು. ಅವರ ಗೋಷ್ಠಿಗೆ ಆ ಭಾಗವನ್ನು ಬಿಟ್ಟುಕೊಡುವುದೇ ಮರ್ಯಾದೆ.

ಕಲ್ಯಾಣ ಕರ್ನಾಟಕದ ಸುರಪುರಕ್ಕೆ ಹತ್ತಿರದ ವಿಷಯ 371(ಜೆ) ವಿಧಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಬಲದಲ್ಲಿ 2013ರ ಪ್ರವೇಶ ಆದೇಶ ಹೊರಟಿತು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಈ ಭಾಗದ ಸ್ಥಳೀಯರಿಗೆ ಎಂದು ಗೊತ್ತಾಯಿತು. ಇದಕ್ಕಾಗಿ ದುಡಿದ ಹಿರಿಯರಿಗೆ ಈ ನಾಡು ಋಣಿ. ಆದರೆ ಹಕ್ಕು ವಿದ್ಯಾರ್ಥಿಯ ಕೈಗೆ ಬರುವುದು ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರದ ಮೂಲಕ, ಅದರ ಮೇಲಿನ ಕಂದಾಯ ಇಲಾಖೆಯ ಆರ್‌ಡಿ ಸಂಖ್ಯೆಯ ಮೂಲಕ.

ಅರ್ಜಿಯ ದಿನಗಳಲ್ಲಿ ತಾಲ್ಲೂಕಿನ ಸೈಬರ್ ಅಂಗಡಿಗಳಲ್ಲಿ ನಡೆಯುವುದು ಇಲ್ಲಿಯ ಪ್ರಾಂಶುಪಾಲರಿಗೆಲ್ಲ ಗೊತ್ತು. ಹಳ್ಳಿಯಿಂದ ಬಂದ ಹುಡುಗಿ ಪ್ಲಾಸ್ಟಿಕ್ ಫೈಲಿನಿಂದ ಪ್ರಮಾಣಪತ್ರಗಳನ್ನು ಒಂದೊಂದಾಗಿ ತೆಗೆದು ಕೊಡುತ್ತಾಳೆ. ಹಿಂದೆ ಸರದಿ ಬೆಳೆದಿರುತ್ತದೆ. ಅಂಗಡಿಯವ ಆರ್‌ಡಿ ಸಂಖ್ಯೆಯನ್ನು ಅವಸರದಲ್ಲಿ ಒತ್ತುತ್ತಾನೆ, ಅಪ್ಪ ಪ್ರಿಂಟಿಗೆ ದುಡ್ಡು ಎಣಿಸುತ್ತಾನೆ. ಒಂದು ಅಂಕಿ ತಪ್ಪಿದರೂ ಸಂಖ್ಯೆ ತಾಳೆಯಾಗುವುದಿಲ್ಲ. ಗಡುವಿನೊಳಗೆ ತಿದ್ದದಿದ್ದರೆ ಕಲ್ಯಾಣ ಕರ್ನಾಟಕದ ಸಾಮಾನ್ಯ ವರ್ಗವಾದ ‘ಜಿಎಂಎಚ್’ ಅಡಿ ಬರಬೇಕಾದವಳು ಬರೀ ಸಾಮಾನ್ಯ ವರ್ಗದ ‘ಜಿಎಂ’ ಆಗುತ್ತಾಳೆ. ಸೀಟು ತಪ್ಪಿದ್ದು ಆ ‘ಎಚ್’ ಹೋದದ್ದರಿಂದ ಎಂದು ಫಲಿತಾಂಶದ ಪರದೆ ಬಿಡಿಸಿ ಹೇಳುವುದಿಲ್ಲ.

ಇಂಥವರಿಗೆ ನ್ಯಾಯಾಲಯ ಏನು ಕೊಡಬಲ್ಲದು? 2019ರ ಡಿಸೆಂಬರ್‌ನಲ್ಲಿ, ಆಂಧ್ರಪ್ರದೇಶದ ಎಸ್. ಕೃಷ್ಣ ಶ್ರದ್ಧಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಎಂಬಿಬಿಎಸ್ ಪ್ರವೇಶದ ಬಗ್ಗೆ ಉತ್ತರ ಕೊಟ್ಟಿತು. ಅನ್ಯಾಯವಾಗಿ ಸೀಟು ತಪ್ಪಿದ ಅರ್ಹರಿಗೆ ಅಪರೂಪದ ಸಂದರ್ಭದಲ್ಲಿ ಕೊನೆಯ ದಿನಾಂಕ ದಾಟಿದ ಒಂದು ತಿಂಗಳೊಳಗೆ, ಒಂದೆರಡು ಸೀಟು ಹೆಚ್ಚಿಸಿಯಾದರೂ, ಪ್ರವೇಶ ಕೊಡಬಹುದು. ಇಲ್ಲವೇ ಮುಂದಿನ ವರ್ಷ ಕೊಡಬಹುದು. ಮುಖ್ಯ ಷರತ್ತು ಎರಡು: ತಡಮಾಡದೆ ನ್ಯಾಯಾಲಯಕ್ಕೆ ಬಂದಿರಬೇಕು, ಅಭ್ಯರ್ಥಿಯದು ತಪ್ಪಿರಬಾರದು.

ಬಗೆಹರಿಯದ ಪ್ರಶ್ನೆ ಈ ಎರಡನೆಯ ಷರತ್ತಿನಲ್ಲಿದೆ. ಅಂಗಡಿಯವನ ಬೆರಳು ತಪ್ಪಿದರೆ ಅದು ವಿದ್ಯಾರ್ಥಿನಿಯ ತಪ್ಪೇ? ಆನ್‌ಲೈನ್ ಅರ್ಜಿಯೊಂದನ್ನೇ ದಾರಿ ಮಾಡಿ, ಅದನ್ನು ತುಂಬಲು ಸಾಕಷ್ಟು ಸರ್ಕಾರಿ ನೆರವು ಕೊಡದ ವ್ಯವಸ್ಥೆಯ ಪಾಲು ಎಷ್ಟು? 2024ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್, 17,500 ರೂಪಾಯಿ ಶುಲ್ಕವನ್ನು ಗಡುವಿನೊಳಗೆ ಕಟ್ಟಲಾಗದ ದಲಿತ ವಿದ್ಯಾರ್ಥಿಗೆ ಧನಬಾದ್ ಐಐಟಿಯಲ್ಲಿ ಸೀಟು ಕೊಡಿಸಿತು. ಅದು 142ನೇ ವಿಧಿಯ ವಿಶೇಷ ಅಧಿಕಾರದಿಂದ ಬಂದ ಪರಿಹಾರ; ಪ್ರತಿ ತಾಲ್ಲೂಕಿಗೂ ಸಿಗುವ ನಿಯಮವಲ್ಲ. ಕಲಬುರಗಿಯಲ್ಲಿ 2008ರಿಂದ ಹೈಕೋರ್ಟ್ ಪೀಠವಿರುವುದು ದೊಡ್ಡ ಅನುಕೂಲ. ಆದರೂ ಕೌನ್ಸೆಲಿಂಗ್ ಸುತ್ತುಗಳ ನಡುವಿನ ಕೆಲವೇ ದಿನಗಳಲ್ಲಿ ವಕೀಲರನ್ನು ಹಿಡಿಯುವುದು ಕೂಲಿಯ ಮನೆಗೆ ಆಗದ ಮಾತು.

ಕುಂದುಕೊರತೆ ಸಮಿತಿಯೆಂಬ ನಡುವಿನ ಮೆಟ್ಟಿಲು ಹೆಚ್ಚು ಉಪಯುಕ್ತ, ಹೆಚ್ಚು ಅಪರಿಚಿತ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಾವಳಿ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕೆನ್ನುತ್ತದೆ. ಮೆರಿಟ್ ಮೀರಿದ ಪ್ರವೇಶವೂ ಪ್ರಕಟಿತ ನೀತಿಯಂತೆ ಸೀಟು ಕೊಡದಿರುವುದೂ ಅದರ ವ್ಯಾಪ್ತಿಗೆ ಬರುತ್ತವೆ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರ ಮೇಲಿನ ಮನವಿ ಕೇಳಲು ಒಂಬುಡ್ಸ್‌ಪರ್ಸನ್ ಇರುತ್ತಾರೆ.

ಸಂಕಿರಣದ ಮುಂದಿರುವ ಕೆಲಸ ಸ್ಪಷ್ಟ. ನಿರಾಕರಣೆಯ ಜೊತೆಗೇ ಅದರ ಕಾರಣವೂ, ಎಲ್ಲಿಗೆ ಎಷ್ಟು ದಿನದಲ್ಲಿ ಮನವಿ ಸಲ್ಲಿಸಬೇಕೆಂಬುದೂ ಕನ್ನಡದಲ್ಲಿ ಅಚ್ಚಾಗಬೇಕು. ಟೈಪಿಂಗ್ ತಪ್ಪನ್ನು ಮೂಲ ಪ್ರಮಾಣಪತ್ರ ನೋಡಿ ತಿದ್ದಲು ಮೊದಲ ಸುತ್ತಿನ ನಂತರವೂ ಅವಕಾಶವಿರಬೇಕು. ತಾಲ್ಲೂಕಿನ ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಅರ್ಜಿ ತುಂಬಿಕೊಡುವ ಒಬ್ಬ ಜವಾಬ್ದಾರಿ ಸಿಬ್ಬಂದಿ ಇರಬೇಕು. ಈ ಮೂರು ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿ ಸರ್ಕಾರಕ್ಕೆ ಕಳುಹಿಸುವ ಹೊಣೆ ಇಲ್ಲಿ ಸೇರಿದ ವಿದ್ವಾಂಸರದು.